ಮೊದಲ ಕರೆಗೇ ಊಟಕ್ಕೆ ಕೂತವನು

ತೂರಾನ್ ಖಾನಂ ಅವನನ್ನು ಊಟಕ್ಕೆ ಕರೆದದ್ದು ಅವನು ಕೂರಲಿ ಎಂದಲ್ಲ. ಟೆಹ್ರಾನಿನಲ್ಲಿ ಹನ್ನೊಂದು ಗಂಟೆಗೆ ಬಾಗಿಲಿಗೆ ಬಂದವನನ್ನು ಊಟ ಮಾಡಿಕೊಂಡು ಹೋಗಿ ಎನ್ನದೆ ಕಳಿಸಿದರೆ ಅವಳ ತಾಯಿ ಗೋರಿಯಲ್ಲೇ ಮಗ್ಗುಲು ಬದಲಾಯಿಸುತ್ತಿದ್ದಳು. ಕರೆಯಬೇಕು, ಅವನು ಬೇಡ ಎನ್ನಬೇಕು. ಮತ್ತೆ ಕರೆಯಬೇಕು, ಅವನು ನಿಮಗೆ ತೊಂದರೆ ಕೊಡಲಾರೆ ಎನ್ನಬೇಕು. ಮೂರನೆಯ ಸಲ ಕರೆದಾಗ ಅವನು ಎದೆಯ ಮೇಲೆ ಕೈಯಿಟ್ಟು, ಇನ್ನೊಮ್ಮೆ ಬರುತ್ತೇನೆಂದು ಹೇಳಿ ಹೊರಡಬೇಕು. ಇಷ್ಟು ಬಾಯುಪಚಾರ ತೊಟ್ಟಿಲ ಕೂಸಿಗೂ ಗೊತ್ತು.

ಸಿನಿಮಾದವನು ಬ್ರೀಫ್‌ಕೇಸಿನ ಬೀಗ ತೆಗೆಯುತ್ತಲೇ, "ಆಗ್ಲಿ ಖಾನಂ, ಊಟ ಇಲ್ಲೇ ಮಾಡ್ತೀನಿ" ಎಂದುಬಿಟ್ಟ.

ಮಾನವಂತನಾದವನು ಹೀಗೆ ಮೊದಲ ಕರೆಗೇ ಒಪ್ಪುತ್ತಾನೆಯೇ? ಮನೆಯೊಳಗೆ ಇನ್ನೆರಡು ಗಂಟೆ ಕೂತಿರಲು ನೆಪ ಬೇಕಾದವನು ಮಾತ್ರ ಒಪ್ಪುತ್ತಾನೆ.

ಯುದ್ಧ ನಿಂತ ವರ್ಷದ ಚಳಿಗಾಲ ಅದು. ಮನೆಯಲ್ಲಿ ವಿಡಿಯೋ ಇಟ್ಟುಕೊಳ್ಳುವುದು ಸರ್ಕಾರದ ಕಣ್ಣಿಗೆ ತಪ್ಪು, ಕ್ಯಾಸೆಟ್ ಹೊತ್ತು ತಿರುಗುವುದು ಇನ್ನೂ ದೊಡ್ಡ ತಪ್ಪು. ಆದರೂ ಬೀದಿಗೊಬ್ಬ ಸಿನಿಮಾದವನಿದ್ದ. ಮೊದಲಿದ್ದವನು ಹೊಸ್ತಿಲು ದಾಟಿದವನಲ್ಲ. ಎರಡು ಹೊಡೆದಾಟದ ಸಿನಿಮಾ, ಒಂದು ಹಿಂದಿ ಸಿನಿಮಾ ಕೈಗಿಟ್ಟು, ಹಳೆಯವನ್ನು ಕೋಟಿನೊಳಗೆ ತುರುಕಿಕೊಂಡು ಹೋಗುತ್ತಿದ್ದ. ಎರಡು ತಿಂಗಳಿಂದ ಬರುತ್ತಿದ್ದ ಈ ಜಮ್‌ಶೀದನ ರೀತಿಯೇ ಬೇರೆ. ಕೇಳಿದ್ದನ್ನು ಕೊಡುತ್ತಿರಲಿಲ್ಲ, ಕೇಳದ್ದನ್ನು ತರುತ್ತಿದ್ದ. ಒಮ್ಮೆ ಯಾರೋ ಬಂದರಿನಲ್ಲಿ ಕೂತು ಟೇಪಿಗೆ ತುಂಬಿಸಿಕೊಂಡ ಮುತ್ತು ಹೆಕ್ಕುವವರ ಹಾಡುಗಳು, ಒಮ್ಮೆ ರೇಡಿಯೋದಲ್ಲಿ ಒಂದೇ ರಾತ್ರಿ ಬಂದು ಮರೆಯಾದ ನಾಟಕ, ಒಮ್ಮೆ ರಟ್ಟೇ ಇಲ್ಲದ ಕಥೆ ಪುಸ್ತಕ.

"ಇದನ್ನ ಈ ಊರಲ್ಲಿ ಹತ್ತು ಜನ ಕೂಡ ಕೇಳಿಲ್ಲ ಖಾನಂ. ಅದಕ್ಕೇ ನಿಮಗೆ ತಂದೆ" ಎನ್ನುತ್ತಿದ್ದ. ಮುಂದಿನ ವಾರ ಬಂದವನ ಮೊದಲ ಪ್ರಶ್ನೆ ಅವಳ ಗಂಡನ ಬಗ್ಗೆಯೇ, "ಆಗಾ ಹೂಶಂಗ್ ಎಲ್ಲಿ ನಕ್ರು? ಎಲ್ಲಿ ಕಣ್ಣು ಮುಚ್ಕೊಂಡ್ರು?" ಅವಳು ಹೇಳಿದ್ದನ್ನೆಲ್ಲ ಕಪ್ಪು ರಟ್ಟಿನ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದ.

ಆ ಪುಸ್ತಕವೇ ಅವಳ ನಾದಿನಿ ಇಸ್ಮತಳ ನಿದ್ದೆ ಕೆಡಿಸಿತ್ತು. ಇಸ್ಮತ್ ಮಹಡಿಯ ಮೇಲಿದ್ದಳು, ಕಿವಿಗಳು ಮಾತ್ರ ಸದಾ ಕೆಳಗಿದ್ದವು.

"ಸಿನಿಮಾ ಕೊಡೋನಿಗೆ ನಮ್ಮಣ್ಣ ಎಲ್ಲಿ ನಕ್ಕ ಅನ್ನೋ ಉಸಾಬರಿ ಯಾಕೆ ಅತ್ತಿಗೆ? ಒಂಬತ್ತನೇ ಮನೆಯವರ ವಿಡಿಯೋ ಹೊತ್ಕೊಂಡು ಹೋದ್ರಲ್ಲ ಪಹರೆ ಜೀಪಿನೋರು, ಅಲ್ಲಿಗೂ ಇವ್ನೇ ಬರ್ತಿದ್ದ."

"ಇಡೀ ಬೀದಿಗೇ ಇವ್ನೇ ಬರ್ತಾನಲ್ಲ ಇಸ್ಮತ್."

"ಅದನ್ನೇ ನಾನೂ ಹೇಳ್ತಿರೋದು!"

ತೂರಾನ್ ನಕ್ಕಿದ್ದಳು. ಆದರೆ ಅನುಮಾನಕ್ಕೆ ಮದ್ದಿಲ್ಲ. ವಿಡಿಯೋ ಹೋದರೆ ಅವಳಿಗೇನೂ ಅಲ್ಲ, ಹೂಶಂಗನಿಗೆ ಎಲ್ಲವೂ ಹೋದಂತೆ. ಹದಿನಾಲ್ಕು ತಿಂಗಳ ಹಿಂದೆ ಲಕ್ವ ಹೊಡೆದು ಅವನ ಮಾತು ಹೋಗಿತ್ತು, ಬಲಗೈ ಬಲಗಾಲು ಬಿದ್ದುಹೋಗಿದ್ದವು. ದಿನವಿಡೀ ಗೋಡೆಗೆ ಮುಖ ಮಾಡಿ ಮಲಗುವ ಮನುಷ್ಯ, ಪರದೆ ಬೆಳಗಿದಾಗ ಮಾತ್ರ ಇತ್ತ ತಿರುಗುತ್ತಿದ್ದ. ಅವನ ಮುಖ ಅವಳಿಗೆ ಕಾಣುತ್ತಿದ್ದದ್ದು ಆ ಹೊತ್ತಿನಲ್ಲಷ್ಟೇ. ಅದೂ ತಪ್ಪಿದರೆ ತಾನು ಹೇಗೆ ಬದುಕಲಿ ಎಂದು ಅವಳಿಗೆ ನಿಜವಾಗಿಯೂ ಭಯವಿತ್ತು.

ಈಗ ಈ ಜಮ್‌ಶೀದ್ ಕೂತೇಬಿಟ್ಟಿದ್ದಾನೆ.

"ಇವತ್ತಿಂದು ಬಾವಿ ತೋಡೋನ ಕಥೆ" ಎಂದ, ಮಡಚಿಟ್ಟ ರಜಾಯಿಗಳ ಅಡಿಯಿಂದ ಅವಳು ತೆಗೆದುಕೊಟ್ಟ ವಿಡಿಯೋಗೆ ತಂತಿ ಸಿಕ್ಕಿಸುತ್ತ. "ಎರಡೇ ದಿನ ಓಡಿದ್ದು. ನನ್ನಂಥ ಯಾವನೋ ಹುಚ್ಚ ಟೇಪ್ ಮಾಡಿಟ್ಟಿದ್ದ. ನಿಮ್ಮ ಗೋಡೆ ಮೇಲಿನ ಫೋಟೋ ನೋಡಿದಾಗಿಂದ ಹುಡುಕ್ತಾ ಇದ್ದೆ."

ಗೋಡೆಯ ಮೇಲಿದ್ದುದು ಹೂಶಂಗನ ತಂದೆ. ಯಜ್ದ್ ಕಡೆಯ ಬಾವಿ ತೋಡುವವರ ಬಿಳಿಯ ಬಟ್ಟೆ, ಪಕ್ಕದಲ್ಲಿ ಮರದ ರಾಟೆ. ಮಣ್ಣು ಕುಸಿದರೆ ಅದೇ ಬಟ್ಟೆಯಲ್ಲಿ ಹೂಳಬಹುದೆಂದು ಬಿಳಿಯದನ್ನೇ ಉಡುತ್ತಿದ್ದರು. ಅಪ್ಪ ಒಳಗಿಳಿದಾಗ ಹಗ್ಗ ಹಿಡಿದು ಬಾವಿಯ ಬಾಯಲ್ಲಿ ನಿಲ್ಲುತ್ತಿದ್ದವನು ಹೂಶಂಗ್. ಹಗ್ಗ ಒಮ್ಮೆ ಜಗ್ಗಿದರೆ ಮಣ್ಣಿನ ಬುಟ್ಟಿ ಎಳಿ, ಎರಡು ಸಲ ಜಗ್ಗಿದರೆ ನನ್ನನ್ನೇ ಎಳಿ ಎಂದು ಅರ್ಥ. ಈ ಕಥೆ ಹೇಳಿ ಹೇಳಿ ಹೂಶಂಗ್ ಮದುವೆಯಾದ ಹೊಸತರಲ್ಲಿ ಅವಳ ತಲೆ ತಿಂದಿದ್ದ.

ಓಹೋ, ಗೋಡೆಗಳನ್ನೂ ಓದುತ್ತಾನೆ, ಎಂದುಕೊಂಡಳು ತೂರಾನ್.

ಅನ್ನ ದಮ್ಮಿಗಿಟ್ಟು ಬಂದು ಮೂಲೆಯಲ್ಲಿ ಕೂತಳು. ಸಿನಿಮಾ ಶುರುವಾಯಿತು. ಅವಳು ಪರದೆ ನೋಡಲಿಲ್ಲ, ಹೂಶಂಗನನ್ನೂ ನೋಡಲಿಲ್ಲ. ಜಮ್‌ಶೀದನ ಮೇಲಿಂದ ಕಣ್ಣು ಕೀಳಲಿಲ್ಲ. ಅವನೂ ಪರದೆ ನೋಡುತ್ತಿರಲಿಲ್ಲ! ಸಿನಿಮಾ ತಂದವನೇ ಸಿನಿಮಾಗೆ ಬೆನ್ನು ಹಾಕಿ, ಹಾಸಿಗೆಯತ್ತ ಬಾಗಿ ಕೂತಿದ್ದ. ಒಂದು ಗಳಿಗೆಯಲ್ಲಿ ಉಸಿರು ಬಿಗಿಹಿಡಿದು ಪುಸ್ತಕ ತೆರೆದು ಸರಸರ ಬರೆದ. ಅವಳು ಅವನ ಪೆನ್ನು ಓಡುವುದನ್ನೇ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. ಯಾರ ಹೆಸರು? ಯಾವ ಮನೆ? ಅಲ್ಲಿಗೆ ಅವಳ ಮನಸ್ಸು ಗಟ್ಟಿಯಾಯಿತು.

ಊಟಕ್ಕೆ ಘೋರ್ಮೆ ಸಬ್ಜಿ. ಸೊಪ್ಪಿನ ಸಾರನ್ನು ಅವನು ಎರಡು ಸಲ ಹಾಕಿಸಿಕೊಂಡ. ಪಾತ್ರೆಯ ತಳದ ಗರಿಗರಿ ಅನ್ನವನ್ನು ಮುಂದಿಟ್ಟಾಗಲೂ ಬೇಡವೆನ್ನಲಿಲ್ಲ.

"ಖಾನಂ, ಯಾರ ಮನೇಲೂ ನನ್ನ ಒಳಗೆ ಕೂರಿಸಲ್ಲ" ಎಂದ, ತಲೆ ಎತ್ತದೆ. "ಕೊಡ್ತೀನಿ, ಹೋಗ್ತೀನಿ. ಜನ ಹೇಗೆ ನೋಡ್ತಾರೆ ಅಂತ ನೋಡೋ ಭಾಗ್ಯ ನಂಗಿಲ್ಲ. ಅದಕ್ಕೇ ಇವತ್ತು ನಾಚಿಕೆ ಬಿಟ್ಟು ಕೂತೆ."

"ಅಯ್ಯೋ, ಮನೆ ನಿಮ್ಮದೇ" ಎಂದಳು ತೂರಾನ್. ನಾಲಿಗೆ ತನ್ನ ಪಾಡಿಗೆ ಉಪಚಾರ ಮಾಡುತ್ತಿತ್ತು.

ಅವನು ಕೈತೊಳೆಯಲು ಎದ್ದ. ನೀರಿನ ಸದ್ದು ಕೇಳಿದೊಡನೆ ಅವಳು ಮೊಳೆಗೆ ತೂಗಿದ್ದ ಕೋಟಿನ ಜೇಬಿನಿಂದ ಕಪ್ಪು ಪುಸ್ತಕ ತೆಗೆದಳು. ಒಮ್ಮೆ ಕಣ್ಣಾಡಿಸಿ ಇಟ್ಟುಬಿಡಬೇಕೆಂದಿದ್ದಳು. ನೀರು ತಟ್ಟನೆ ನಿಂತಿತು. ಪುಸ್ತಕವನ್ನು ಹೂಶಂಗನ ದಿಂಬಿನಡಿ ತಳ್ಳಿದಳು.

ಜಮ್‌ಶೀದ್ ಕೋಟು ತೊಟ್ಟ. ಬಾಗಿಲಲ್ಲಿ ಅಭ್ಯಾಸಬಲದಿಂದ ಜೇಬು ಸವರಿದ ಕೈ ಅಲ್ಲೇ ನಿಂತಿತು. ಅವಳ ಮುಖ ನೋಡಿದ. ಅವನ ಮುಖದ ರಕ್ತ ಇಳಿದುಹೋಯಿತು.

"ಕೈಗೆ ನೋವು ಬಾರದಿರಲಿ ಖಾನಂ" ಎಂದ ಮೆಲ್ಲಗೆ. ಉಂಡವರು ಹೇಳುವ ಮಾತೇ ಅದು.

"ನಿಮ್ಮ ತಲೆಗೂ ನೋವು ಬಾರದಿರಲಿ" ಎಂದಳು ಅವಳು. ಕ್ಯಾಸೆಟ್ಟನ್ನು ಬಿಟ್ಟು ಹೋದ.

ಅವಳು ಪುಸ್ತಕ ತೆರೆದಳು. ಹೆಸರುಗಳಿರಲಿಲ್ಲ, ಮನೆ ನಂಬರುಗಳೂ ಇರಲಿಲ್ಲ. 'ಗಿಣಿ ಸಾಕಿದ ಮುದುಕಿ: ದುಃಖದ್ದು ಬೇಡ ಅಂತಾಳೆ, ದುಃಖದ್ದೇ ಎರಡು ಸಲ ಇಟ್ಕೊಳ್ತಾಳೆ. ನಾವಿಕರ ಹಾಡು ಕೊಡಬೇಕು.' 'ಹೊಸ ಗಂಡ ಹೆಂಡತಿ: ನಾಟಕ ಹಿಡಿಸಲಿಲ್ಲ, ತಪ್ಪು ನನ್ನದೇ.' ಪುಟ ಪುಟವೂ ಹೀಗೇ. ಕೊನೆಯ ಪುಟದಲ್ಲಿ ಶಾಯಿ ಹೊಸದು.

'ಬಾವಿಯವನ ಮಗ. ಹಗ್ಗ ಎರಡು ಸಲ ಜಗ್ಗುವಾಗ ಬಲಗೈ ಮುಚ್ಚಿತು. ಎರಡು ಸಲ. ಖಾನಂ ನೋಡಿದರೋ ಇಲ್ಲವೋ. ಊಟವಾದ ಮೇಲೆ ಹೇಳಬೇಕು. ಬೇಡ, ಅವರೇ ಕಂಡುಕೊಳ್ಳಲಿ, ಆ ಸಂತೋಷ ಅವರದು.'

ತೂರಾನ್ ಚಪ್ಪಲಿಯಿಲ್ಲದೆ ಬೀದಿಗೆ ಓಡಿದಳು. ಅವನಿರಲಿಲ್ಲ. ಮರಳಿ ಬಂದು ಟೇಪನ್ನು ಹಿಂದಕ್ಕೆ ಓಡಿಸಿದಳು, ಪರದೆಗೆ ಬೆನ್ನು ಹಾಕಿ ಅವನು ಕೂತಿದ್ದ ಜಾಗದಲ್ಲೇ ಕೂತಳು. ರಾಟೆ ಕಿರುಗುಟ್ಟಿತು. ರಜಾಯಿಯ ಮೇಲೆ ಸತ್ತಂತೆ ಬಿದ್ದಿದ್ದ ಕೈಯ ಬೆರಳುಗಳು ಒಳಕ್ಕೆ ಮಡಚಿದವು, ಬಿಟ್ಟವು, ಮತ್ತೆ ಮಡಚಿದವು. ಹದಿನಾಲ್ಕು ತಿಂಗಳು ಕಾದದ್ದು ಕಣ್ಣೆದುರಿಗೇ ನಡೆದಾಗ ತಾನು ಯಾವನದೋ ಪೆನ್ನು ಕಾಯುತ್ತಿದ್ದೆನಲ್ಲ ಎಂದು ಅವಳು ಬಿಕ್ಕಿಬಿಕ್ಕಿ ಅತ್ತಳು.

ಸಿನಿಮಾದವನು ಬರಬೇಕಿದ್ದ ಮುಂದಿನ ಗುರುವಾರ ಮೂವರಿಗೆ ಅನ್ನ ಮಾಡಿದಳು. ಅವನು ಬರಲಿಲ್ಲ. "ನೋಡಿದ್ರಾ ಅತ್ತಿಗೆ? ಗುಟ್ಟು ಬಯಲಾಯ್ತು ಅಂತ ಓಡಿಹೋದ" ಎಂದಳು ಇಸ್ಮತ್. ಆ ದಿನ ಆ ಮನೆಯಲ್ಲಿ ಗೂಢಚಾರಿಕೆ ಮಾಡಿದವರು ಯಾರೆಂದು ತೂರಾನಳಿಗೆ ಗೊತ್ತಿತ್ತು.

ನಾಲ್ಕನೆಯ ವಾರ ರೊಟ್ಟಿ ಅಂಗಡಿಯ ಸಾಲಿನಲ್ಲಿ ಅವನು ಕಂಡ. ಅವಳನ್ನು ನೋಡಿದ್ದೇ ಸಾಲು ಬಿಟ್ಟು ಸರಿದ. ಅವಳು ಓಡಿಹೋಗಿ ಹೊದ್ದಿದ್ದ ಚಾದರದೊಳಗಿಂದ ಪುಸ್ತಕ ಚಾಚಿದಳು.

"ಆಗಾ, ನಮ್ಮೋರು ಕೈ ಮುಚ್ತಾರೆ! ನಾನೂ ನೋಡಿದೆ! ಈಗ ಚಮಚಾನೂ ಹಿಡೀತಾರೆ!"

ಒಂದು ಕ್ಷಣ ಅವನ ಕಣ್ಣು ಅರಳಿತು. ಮರುಕ್ಷಣ ಅವನು ಬೀದಿಯ ಆ ತುದಿ ಈ ತುದಿ ನೋಡಿದ, ಅವಳ ಬೆನ್ನ ಹಿಂದೆ ಯಾರಾದರೂ ಇದ್ದಾರೆಯೇ ಎಂದು.

"ಅದು ನಂದಲ್ಲ ಖಾನಂ. ನಿಮ್ಮ ಮನೆ ಯಾವುದೂಂತ್ಲೂ ನಂಗೆ ಗೊತ್ತಿಲ್ಲ."

"ಊಟಕ್ಕೆ ಬನ್ನಿ ಆಗಾ. ಇವತ್ತೇ ಬನ್ನಿ."

"ಬೇಡ ಖಾನಂ."

"ದೇವರಾಣೆಗೂ ಬಾಯ್ಮಾತಿಗೆ ಕರೀತಿಲ್ಲ, ಬನ್ನಿ."

"ನಿಮಗೆ ತೊಂದರೆ ಕೊಡಲಾರೆ."

"ಅವರೊಬ್ಬರನ್ನ ನೋಡ್ಕೊಂಡು ಹೋಗಿ, ಸಾಕು."

ಜಮ್‌ಶೀದ್ ಎದೆಯ ಮೇಲೆ ಕೈಯಿಟ್ಟು, ತಲೆ ಬಾಗಿಸಿ, "ಇನ್ನೊಮ್ಮೆ ಬರ್ತೀನಿ ಖಾನಂ" ಎಂದು ಹೇಳಿ ಹೊರಟುಹೋದ.