ಹದಿಮೂರನೇ ವರ್ಷದ ಅಳತೆ

ಕಟಿಂಗ್ ಮಾಸ್ಟರಿಗೆ ಕಂಪ್ಯೂಟರ್ ಕಂಡರೆ ಮೈಯೆಲ್ಲ ಉರಿ. ಮೂವತ್ತು ವರ್ಷ ಶಾಲಾ ಸಮವಸ್ತ್ರ ಕತ್ತರಿಸಿದ ಕೈ ಕೀಲಿಮಣೆಯ ಮುಂದೆ ಪೆದ್ದಾಗುತ್ತಿತ್ತು. ಆದರೆ ಕಾರ್ಖಾನೆ ಮಾಲೀಕರ ಸೊಸೆ ಪಟ್ಟು ಬಿಡುವವಳಲ್ಲ.

“ಮಾಸ್ಟ್ರೇ, ಇದು ಎದೆ ಅಳತೆಗಳ ಪಟ್ಟಿ. ಪಕ್ಕದಲ್ಲಿ ಕೂಡೋ ಚಿಹ್ನೆ, ಆಮೇಲೆ ಸಡಿಲಕ್ಕೆ ಬಿಡೋ ಎಂಟು. ಒಂದೇ ಎಂಟು, ಎಲ್ಲದಕ್ಕೂ ಹೋಗಿ ಸೇರ್ಕೊಳ್ಳುತ್ತೆ. ಎರಡು ಪಟ್ಟಿ ಇದ್ರೆ ಮಾತ್ರ ಜೋಡಿ ಲೆಕ್ಕ. ಮೊದಲನೇದಕ್ಕೆ ಮೊದಲನೇದು, ಎರಡನೇದಕ್ಕೆ ಎರಡನೇದು. ಒಂದು ಕಮ್ಮಿಯಾದ್ರೂ ಒಪ್ಪಲ್ಲ.”

ಮಧ್ಯಾಹ್ನ ಎಲ್ಲರೂ ಅಂಗಳದಲ್ಲಿ ಡಬ್ಬಿ ಬಿಚ್ಚಿಕೊಂಡು ಹರಟುವಾಗ ಮಾಸ್ಟರು ಒಬ್ಬರೇ ಒಳಗೆ ಅಭ್ಯಾಸಕ್ಕೆ ಕೂತರು. ಅಭ್ಯಾಸ ಬರೀ ನೆಪ. ಮುಂದಿನ ವಾರ ಮಗಳಿಗೆ ಹದಿನಾಲ್ಕು ತುಂಬುತ್ತದೆ, ಒಂದು ಕೋಟು ಹೊಲಿದು ಕಳಿಸುವ ಆಸೆ. ಅವಳು ತಾಯಿಯ ಜೊತೆ ಬೇರೆ ಊರಿಗೆ ಹೋಗಿ ಎರಡು ವರ್ಷವಾಗುತ್ತ ಬಂದಿತ್ತು. ಹೆಂಡತಿಯೊಡನೆ ಮಾತು ಮುರಿದದ್ದು ಜಗಳದಿಂದ. ಮಗಳೊಡನೆ ನಿಂತದ್ದು ಬರೀ ಸಂಕೋಚದಿಂದ. ಕೋಟು ಮೈಗೆ ಕೂರದಿದ್ದರೆ ಅಪ್ಪ ನನ್ನನ್ನು ಮರೆತೇಬಿಟ್ಟ ಎಂದುಕೊಂಡಾಳು, ಅದೊಂದೇ ಭಯ.

ಕಾರ್ಖಾನೆಯ ಪಟ್ಟಿ ಹಾಕಿದರು: ಐದರಿಂದ ಹದಿನಾಲ್ಕರವರೆಗೆ ವಯಸ್ಸಿಗೊಂದು ಎತ್ತರ, ಹತ್ತು ಅಂಕಿ. ಇನ್ನೊಂದು ಮಗಳದ್ದು, ಐದನೇ ವರ್ಷದಿಂದ ಪ್ರತಿ ಹುಟ್ಟುಹಬ್ಬಕ್ಕೂ ತಾವೇ ಟೇಪು ಹಿಡಿದು ಬರೆದಿಟ್ಟದ್ದು. ಮಗಳದ್ದರಿಂದ ಕಾರ್ಖಾನೆಯದನ್ನು ಕಳೆ ಎಂದರು. ಉದ್ದ ಹೊಂದುವುದಿಲ್ಲ ಎಂದಿತು ಯಂತ್ರ. ಎಣಿಸಿದರು. ಮಗಳದ್ದು ಎಂಟೇ, ಹನ್ನೆರಡನೇ ವರ್ಷಕ್ಕೆ ನಿಂತುಹೋಗಿತ್ತು.

ಕೊನೆಗೆ ಎರಡು ಸೊನ್ನೆ ಸೇರಿಸಿದರು. ಈಗ ಯಂತ್ರ ತೆಪ್ಪಗೆ ಉತ್ತರ ಕೊಟ್ಟಿತು: ಹದಿಮೂರನೇ ವಯಸ್ಸಿಗೆ ಮಗಳು ಪಟ್ಟಿಗಿಂತ ನೂರೈವತ್ತೈದು ಸೆಂಟಿಮೀಟರ್ ಕುಳ್ಳಿ. ಮಾಸ್ಟರಿಗೆ ನಗು ಬಂತು. ಅಂದಾಜಿಗೆ ಏನಾದರೂ ತುಂಬಬಹುದಿತ್ತು. ಆದರೆ ಅಳತೆಯಿಲ್ಲದೆ ಬಟ್ಟೆಗೆ ಕತ್ತರಿ ಹಾಕಿದವರಲ್ಲ ಅವರು. ಮನಸ್ಸು ಗಟ್ಟಿ ಮಾಡಿಕೊಂಡು ಫೋನ್ ತೆಗೆದರು.

“ಅಪ್ಪಾ?”

“ಹೂಂ ಪುಟ್ಟಿ. ನಿನ್ನ ಎತ್ತರ ಬೇಕಿತ್ತು. ಈ ವರ್ಷದ್ದು, ಹೋದ ವರ್ಷದ್ದು.”



“ಇರಪ್ಪ.” ಕುರ್ಚಿ ಎಳೆದದ್ದು, ಗೋಡೆಗೆ ಪುಸ್ತಕ ತಾಗಿದ್ದು ಕೇಳಿಸಿತು. “ನೂರಾ ಅರವತ್ತಮೂರು. ನಾನೇ ಅಳತೆ ಮಾಡ್ಕೊಂಡೆ.”

“ಹೋದ ವರ್ಷದ್ದು?”

“ಹೋದ ವರ್ಷ ಯಾರೂ ಕೇಳ್ಲಿಲ್ವಲ್ಲಪ್ಪ.”

ಫೋನ್ ಇಟ್ಟ ಮೇಲೆ ಮಾಸ್ಟರು ಪರದೆಯ ಕಡೆ ತಿರುಗಿದರು. ಮಗಳ ಪಟ್ಟಿಯ ಎರಡೂ ಸೊನ್ನೆ ಅಳಿಸಿ, ನೂರಾ ಅರವತ್ತಮೂರು ಬರೆದರು. ಕಾರ್ಖಾನೆಯ ಪಟ್ಟಿಯಿಂದಲೂ ಹದಿಮೂರನೇ ವರ್ಷವನ್ನು ತೆಗೆದುಹಾಕಿದರು. ಒಂಬತ್ತಕ್ಕೆ ಒಂಬತ್ತು. ಯಂತ್ರ ತಕರಾರು ಮಾಡಲಿಲ್ಲ. ಎಂಟು ವರ್ಷವೂ ಎರಡು ಕಡಿಮೆ, ಮೂರು ಕಡಿಮೆ ಎಂದೇ ಬಂದು, ಕೊನೆಯಲ್ಲಿ ಐದು ಹೆಚ್ಚು.

ಕೋಟಿನ ಬಗ್ಗೆ ಇನ್ನು ಭಯವಿರಲಿಲ್ಲ. ಆದರೆ ಅವಳು ಪಟ್ಟಿಯನ್ನು ದಾಟಿದ್ದು ಆ ಅಳಿಸಿದ ವರ್ಷದಲ್ಲೋ ಆಮೇಲೋ, ಅಪ್ಪನಿಗೆ ಇನ್ನು ಯಾವತ್ತೂ ತಿಳಿಯುವಂತಿರಲಿಲ್ಲ.