ಓಣಿಯ ಬಾಯಿಗೆ ಸುರಿದ ಚರಟ

ಕಷಾಯ ಸೋಸಿ ಉಳಿದ ಚರಟವನ್ನು ಅತ್ತೆ ದಿನಾ ಬೆಳಿಗ್ಗೆ ಓಣಿಯ ಬಾಯಿಗೆ ತಂದು ಸುರಿಯುತ್ತಿದ್ದಳು. ಹೋಗಿಬರುವವರು ತುಳಿದರೆ ಕಾಯಿಲೆ ಅವರ ಕಾಲಿಗಂಟಿ ಹೊರಟುಹೋಗುತ್ತದೆಂದು ಚೀನಾದ ಶಾವೊಶಿಂಗ್‌ನ ಹಳಬರ ನಂಬಿಕೆ. ತಾನು ಮಾತ್ರ ಗೋಡೆಗೆ ಒತ್ತಿಕೊಂಡು, ಒಂದು ಚೂರೂ ಚಪ್ಪಲಿಗೆ ತಾಗದಂತೆ ವಾಪಸಾಗುತ್ತಿದ್ದಳು.

ಸೊಸೆ ರುಯಿಫೆನ್‌ಳ ಕಾಯಿಲೆ ಯಾರ ಕಾಲಿಗೂ ಅಂಟಲಿಲ್ಲ. ಮೂವತ್ತನಾಲ್ಕಕ್ಕೇ ಅವಳ ಮುಟ್ಟು ನಿಂತುಹೋಗಿತ್ತು. ಗರ್ಭ ತಂಪಾಗಿದೆಯೆಂದು ಅತ್ತೆಯೇ ತೀರ್ಪು ಕೊಟ್ಟಿದ್ದಳು. ಮದುವೆಗೆ ಮುಂಚೆ ಐಸ್‌ಕ್ರೀಂ ತಿಂದದ್ದರ ಫಲವೆಂದು ಓಣಿಗೆಲ್ಲ ಹೇಳಿಯೂ ಆಗಿತ್ತು. ಸುಡುವ ಬೇಸಿಗೆಯಲ್ಲೂ ಶುಂಠಿ, ಜಿಂಕೆಕೊಂಬಿನ ಕಷಾಯ; ಫ್ಯಾನ್ ಬಂದ್. ಒಳಗೆ ಬೆಂಕಿ ಹೊತ್ತಿದಂತಾಗುತ್ತದೆ ಎಂದರೆ, ತಂಪು ಹೊರಬೀಳುತ್ತಿದೆ ಎಂಬ ಉತ್ತರ. ಗಂಡನಿಗೋ ಅಮ್ಮನ ಮುಂದೆ ಬಾಯಿಗೆ ಬೀಗ. ರುಯಿಫೆನ್‌ಗೆ ರೋಸಿಹೋಗಿತ್ತು. ಕಾಯಿಲೆ ತನ್ನದು, ಅದರ ಮಾತೆಲ್ಲ ಊರಿನವರದು.

ನಾಡಿ ನೋಡುವ ಡಾಕ್ಟರ್ ಗೆಂಗ್ ಅವರ ಔಷಧಾಲಯದಲ್ಲೂ ಅದೇ ಕಥೆ. ರುಯಿಫೆನ್ ಪುಟ್ಟ ದಿಂಬಿನ ಮೇಲೆ ಕೈಯಿಟ್ಟಳು. ನಿದ್ದೆ ಹೇಗೆಂದು ಕೇಳಿದರೆ ಅತ್ತೆ ಉತ್ತರಿಸಿದಳು. ಬೆವರಿನ ಬಗ್ಗೆ ಕೇಳಿದರೂ ಅವಳೇ. ಡಾಕ್ಟರಮ್ಮ ಮೂರು ಬೆರಳಿಟ್ಟು ಕಣ್ಣು ಮುಚ್ಚಿದ್ದರು.

“ನಾಡಿ ಇವಳದಾ, ನಿಮ್ಮದಾ?” ಎಂದರು, ಕಣ್ಣು ತೆರೆಯದೆ. ಆಮೇಲೆ ರುಯಿಫೆನ್‌ಗೆ, “ನೀನು ಹೇಳಮ್ಮ.”

ರುಯಿಫೆನ್ ತಡೆಯಲಾರದೆ ಎಲ್ಲವನ್ನೂ ಹೇಳಿದಳು. ಬೆವರಿ ತೊಪ್ಪೆಯಾಗಿ ಎಚ್ಚರವಾಗುವುದು, ಕತ್ತಿನಿಂದ ಮುಖಕ್ಕೆ ಏರುವ ಬಿಸಿ, ಉರಿಯುವ ಕಣ್ಣು. ಡಾಕ್ಟರ್ ನಾಲಿಗೆ ನೋಡಿ, ಅವಳ ತಾಯಿಗೆ ಮುಟ್ಟು ನಿಂತದ್ದು ಯಾವಾಗ ಎಂದು ಕೇಳಿದರು.

“ಮೂವತ್ತೇಳಕ್ಕೆ. ಯಾರಿಗೂ ಹೇಳ್ಬೇಡ ಅಂದಿದ್ಳು ಅಮ್ಮ.”

“ಇದು ತಂಪಲ್ಲ, ಒಣಗೋದು. ನಾಲಿಗೆ ಕೆಂಪಗಿದೆ, ಮೇಲೆ ಬಿಳೀ ಅಗ್ರನೇ ಇಲ್ಲ. ಕೊನೇ ಬೆರಳಿಗೆ ನಾಡಿ ನೂಲಿನಷ್ಟು ಸಣ್ಣಗೆ ಸಿಗ್ತಿದೆ. ನಮ್ಮ ವೈದ್ಯದಲ್ಲಿ ಇದನ್ನ ಮೂತ್ರಪಿಂಡದ ರಸ ಬತ್ತೋದು ಅಂತೀವಿ. ಅಂಡಾಶಯ ಬೇಗ ದಣೀತಿರಬಹುದು. ಬೆರಳಿಟ್ಟಷ್ಟಕ್ಕೇ ಅದನ್ನ ಹೇಳಿ ಮುಗಿಸೋಕಾಗಲ್ಲ, ದೊಡ್ಡಾಸ್ಪತ್ರೇಲಿ ರಕ್ತ ಪರೀಕ್ಷೆ ಮಾಡಿಸಿ.”

“ಮತ್ತೆ ಆ ಐಸ್‌ಕ್ರೀಂ?” ಎಂದಳು ಅತ್ತೆ.

“ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಇವಳ ತಪ್ಪೇನೂ ಇಲ್ಲ. ಶುಂಠಿ ಕಷಾಯ ನಿಲ್ಲಿಸಿ. ನೀರಿಲ್ಲದ ಪಾತ್ರೆ ಕೆಳಗೆ ಉರಿ ಹಾಕ್ತಿದ್ದೀರಿ.”

ಬಸ್ಸಿನಲ್ಲಿ ಅತ್ತೆ ಕಿಟಕಿಯಾಚೆ ನೋಡುತ್ತಲೇ ಹೇಳಿದಳು. “ನಂಗೂ ಎರಡು ಸಲ ಗರ್ಭ ನಿಲ್ಲಲಿಲ್ಲ. ತಣ್ಣೀರಲ್ಲಿ ಬಟ್ಟೆ ಒಗೆದಿದ್ದಕ್ಕೇ ಅಂದ್ರು ನಮ್ಮತ್ತೆ. ನಾನೂ ನಂಬ್ದೆ.”

ರುಯಿಫೆನ್‌ಳ ಇಷ್ಟು ದಿನದ ಸಿಟ್ಟು ಒಂದು ಮಾತಿಗೆ ಇಳಿಯುವಂಥದ್ದಲ್ಲ.

ರಕ್ತದ ವರದಿಯೂ ಡಾಕ್ಟರ್ ಊಹಿಸಿದ್ದನ್ನೇ ಹೇಳಿತು. ಮಗುವಿನ ಆಸೆ ಕಷ್ಟದ ಮಾತಾಗಿತ್ತು. ಮರುದಿನ ಬೆಳಿಗ್ಗೆ ಅತ್ತೆ ಹಳೆಯ ಕಷಾಯದ ಮಡಕೆಯನ್ನೇ ಹೊತ್ತು ಓಣಿಯ ಬಾಯಿಗೆ ನಡೆದಳು. ರುಯಿಫೆನ್ ಬಾಗಿಲಲ್ಲಿ ನಿಂತಿದ್ದಳು.

ಸೊಪ್ಪು ಬಿಡಿಸುತ್ತಿದ್ದ ನೆರೆಮನೆಯ ಪಾನ್ ಅಜ್ಜಿ ನಕ್ಕಳು. “ಐಸ್‌ಕ್ರೀಂ ರಾಣಿಯ ತಂಪು ಇಳೀತಾ?”

“ತಂಪೂ ಇಲ್ಲ, ಮಣ್ಣೂ ಇಲ್ಲ. ನಾನು ಹೇಳಿದ್ದೇ ಸುಳ್ಳು,” ಎಂದಳು ಅತ್ತೆ, ಓಣಿಗೆಲ್ಲ ಕೇಳುವಂತೆ.

ಮಡಕೆ ಬೋರಲು ಹಾಕಿದಳು. ಈ ಸಲ ಗೋಡೆಯ ಕಡೆ ಸರಿಯಲಿಲ್ಲ. ಚರಟದ ನಡುವೆಯೇ ತುಳಿದುಕೊಂಡು ಬಂದು, ಚಪ್ಪಲಿಗಂಟಿದ ಶುಂಠಿ ಚೂರಿನ ಸಮೇತ ಒಳಗೆ ಹೋಗಿ ಫ್ಯಾನ್ ಹಾಕಿದಳು.