ಆಚೆ ಕಡೆಯ ಆಕಾಶ

ಊರಿಗೆಲ್ಲ ಕನ್ನಡಕ ಹಾಕಿ ಕಳಿಸುವ ಹೆಂಗಸು ಆ ಬೆಳಿಗ್ಗೆ ತಾನೇ ಕಣ್ಣು ಕಿರಿದು ಮಾಡಿಕೊಂಡು ಬೆಟ್ಟದ ಸಾಲನ್ನು ನೋಡುತ್ತ ನಿಂತಿದ್ದಳು. ಬೆಟ್ಟ ಕಾಣಿಸುತ್ತಿತ್ತು. ಬೆಟ್ಟದ ನೆತ್ತಿ ಕಾಣಿಸುತ್ತಿರಲಿಲ್ಲ.

ವಾರವೆಲ್ಲ ಕನ್ನಡಕದ ಅಂಗಡಿ, ರಜೆ ಬಂದರೆ ವಿಮಾನದ ಹುಚ್ಚು, ಇದು ಅವಳ ಬದುಕು. ಕೈಯಲ್ಲಿ ಲೈಸೆನ್ಸ್ ಇತ್ತು, ಹಾರಾಟದ ಕ್ಲಬ್ಬಿನಲ್ಲಿ ಪುಟ್ಟ ವಿಮಾನ ಇತ್ತು. ಆದರೆ ಇವತ್ತಿನದು ಹುಚ್ಚಿನ ಹಾರಾಟವಲ್ಲ. ಬೆಟ್ಟದ ಆಚೆಯ ಊರಿನ ಆಸ್ಪತ್ರೆಯಲ್ಲಿ ಅವಳ ಅಣ್ಣ ಮಲಗಿದ್ದ. ಅಮ್ಮ ಅವನ ಹಾಸಿಗೆಯ ಪಕ್ಕದಲ್ಲೇ ಇದ್ದು ಮೊನ್ನೆಯಷ್ಟೇ ಮನೆಗೆ ಬಂದಿದ್ದಳು; ಹೃದಯದ ಆಪರೇಷನ್ ಮುಂದಿನ ವಾರ ಎಂದಿದ್ದರಲ್ಲ, ಅಷ್ಟರಲ್ಲಿ ಬಟ್ಟೆಬರೆ ತಗೊಂಡು ಹೋದರಾಯಿತು ಎಂದುಕೊಂಡು. ನಿನ್ನೆ ಸಂಜೆ ಡಾಕ್ಟರು ಇದ್ದಕ್ಕಿದ್ದಂತೆ, ತಡಮಾಡುವ ಹಾಗಿಲ್ಲ, ನಾಳೆ ಮಧ್ಯಾಹ್ನವೇ ಮಾಡಿಬಿಡುತ್ತೇವೆ ಎಂದರು. ಒಳಗೆ ಕರೆದುಕೊಂಡು ಹೋಗುವ ಮುಂಚೆ ಮಗನ ಮುಖ ಒಂದು ಸಲ ನೋಡಬೇಕು, ಅಷ್ಟೇ ಅಮ್ಮನ ಹಟ. ರಸ್ತೆಯಲ್ಲಿ ಹೋದರೆ ಬೆಟ್ಟವನ್ನೆಲ್ಲ ಬಳಸಿಕೊಂಡು ತಲುಪುವಾಗ ಸಂಜೆ. ಕಣಿವೆಯ ಮೇಲೆ ಹಾರಿದರೆ ಊಟದ ಹೊತ್ತಿಗಿಂತ ಮುಂಚೆಯೇ ಅಲ್ಲಿ.

"ನಾನು ಕರ್ಕೊಂಡು ಹೋಗ್ತೀನಮ್ಮ" ಎಂದು ಅವಳು ಮಾತು ಕೊಟ್ಟುಬಿಟ್ಟಿದ್ದಳು. ಮಾತು ಕೊಡುವಾಗ ಮೋಡವನ್ನು ಯಾರು ಕೇಳುತ್ತಾರೆ?

ಕ್ಲಬ್ಬಿನ ಕೋಣೆಯಲ್ಲಿ ಹಾರಾಟ ಕಲಿಸುವ ಮೇಷ್ಟ್ರು ಚಹಾ ಹೀರುತ್ತ ಕುಳಿತಿದ್ದರು. ಗಾಳಿ ಜೋರಾದರೂ ಬೇಡ, ಮಂಜು ಬಿದ್ದರೂ ಬೇಡ ಎನ್ನುವ ಈ ಮನುಷ್ಯನಿಗೆ ಶಿಷ್ಯರೆಲ್ಲ ಸೇರಿ ಬೇಡಪ್ಪ ಎಂದು ಹೆಸರಿಟ್ಟಿದ್ದರು. ಅದು ಅವರ ಕಿವಿಗೂ ಬಿದ್ದಿತ್ತು. ಬದುಕಿರುವವರು ತಾನೇ ಅಡ್ಡಹೆಸರು ಇಡೋದು, ಇಟ್ಟುಕೊಳ್ಳಲಿ ಬಿಡಿ ಎಂದಿದ್ದರಂತೆ.

ಅವಳು ಹವಾಮಾನ ಕಚೇರಿಗೆ ಫೋನು ಮಾಡಿದಳು. ಕಣಿವೆಯಲ್ಲಿ ಮೋಡ ತಗ್ಗಿನಲ್ಲಿದೆ, ಬಿಸಿಲೇರಿದರೆ ಮೇಲೇಳಬಹುದು, ಏಳದೆಯೂ ಇರಬಹುದು ಎಂದರು. ಆಚೆ ಕಡೆ ಹೇಗಿದೆ ಎಂದು ಕೇಳಿದರೆ, ಅಲ್ಲಿನ ಯಂತ್ರ ಕೆಟ್ಟು ಕೂತಿದೆ, ಬೆಳಗಿನಿಂದ ವರದಿಯೇ ಬಂದಿಲ್ಲ ಎಂಬ ಉತ್ತರ. ಈಚೆಯದು ಗೊತ್ತು, ನಡುವಿನದು ಅರ್ಧಂಬರ್ಧ ಗೊತ್ತು, ಆಚೆಯದು ಏನೇನೂ ಗೊತ್ತಿಲ್ಲ. ಬೇರೆ ದಿನವಾಗಿದ್ದರೆ ವಿಮಾನದ ಬೀಗದ ಕೈಯನ್ನು ಮೊಳೆಗೆ ನೇತುಹಾಕಿ ಮನೆಗೆ ಹೋಗುತ್ತಿದ್ದಳು. ಇವತ್ತು ಅಣ್ಣನಿಗೇ ಫೋನು ಹಚ್ಚಿದಳು, ಪಕ್ಕದಲ್ಲಿ ಕುಳಿತಿದ್ದ ಅಮ್ಮನಿಗೂ ಕೇಳಲಿ ಎಂದು ಸ್ಪೀಕರ್ ಹಾಕಿ.

"ಅಣ್ಣ, ಅಲ್ಲಿ ಆಕಾಶ ಹೇಗಿದೆ ಸ್ವಲ್ಪ ನೋಡಿ ಹೇಳು."

"ಕಿಟಕಿಯಿಂದ ನೋಡ್ತಾನೇ ಇದೀನಿ ಪುಟ್ಟಿ. ತಿಳಿಯಾಗಿದೆ. ಒಂದು ಚೂರು ಮೋಡ ಇಲ್ಲ. ಬನ್ನಿ, ಬೇಗ ಬನ್ನಿ."

ಅಮ್ಮ ತಲೆ ತಗ್ಗಿಸಿ ಮಡಿಲಲ್ಲಿದ್ದ ಚೀಲದ ಹಿಡಿಯನ್ನು ಸರಿಮಾಡಿಕೊಂಡಳು.

"ಕಾಯಿಲೆಯವನ ಕಿಟಕಿ ಹವಾಮಾನ ಕಚೇರಿ ಅಲ್ಲಮ್ಮ" ಎಂದರು ಬೇಡಪ್ಪ.

"ಕಣ್ಣಾರೆ ನೋಡಿ ಹೇಳ್ತಿದಾನಲ್ಲ ಮೇಷ್ಟ್ರೇ."

"ಹಾರೋದು ನೀನು, ತೀರ್ಮಾನ ನಿನ್ನದು. ನನ್ನನ್ನ ಕೇಳಿದ್ರೆ ಬೇಡ. ಹೊರಟೇ ಹೊರಡ್ತೀನಿ ಅಂದ್ರೆ, ಎಲ್ಲಿ ತಿರುಗ್ತೀಯ ಅಂತ ಹೇಳಿ ಹೋಗು."

ಇದು ಆ ಕ್ಲಬ್ಬಿನ ಕಟ್ಟಳೆ. ಹೊರಡುವವರು ಹವೆ ಕೆಟ್ಟರೆ ಎಲ್ಲಿಂದ ಹಿಂದಿರುಗುತ್ತೇವೆ ಎಂಬುದನ್ನು ನೆಲದ ಮೇಲಿರುವಾಗಲೇ ಬಾಯಿಬಿಟ್ಟು ಹೇಳಬೇಕು. ಪಕ್ಕದಲ್ಲಿ ಕೂರುವವರಿಗೂ ತಿಳಿಸಬೇಕು. ಮೇಲೆ ಹೋದ ಮೇಲೆ ತಲೆ ನೆಟ್ಟಗೆ ಓಡುವುದಿಲ್ಲ ಎಂಬುದು ಬೇಡಪ್ಪನವರ ಖಚಿತ ಅಭಿಪ್ರಾಯ.

"ಬಿಳಿ ಕಲ್ಲುಗಣಿ" ಎಂದಳು ಅವಳು. "ಅಮ್ಮ, ನೀನೂ ಕೇಳಿಸ್ಕೋ. ಕಣಿವೆಯಲ್ಲಿ ಎಡಗಡೆ ಒಂದು ಬಿಳಿ ಗಣಿ ಬರುತ್ತೆ. ಅಲ್ಲಿ ತನಕ ಜಾಗ ಅಗಲ, ವಿಮಾನ ತಿರುಗಿಸಬಹುದು. ಆಮೇಲೆ ಎರಡೂ ಕಡೆ ಬೆಟ್ಟ ಒತ್ತಿಕೊಂಡು ಬರುತ್ತೆ, ತಿರುಗೋಕಾಗಲ್ಲ. ಗಣಿ ಹತ್ರ ಬಂದಾಗ ಕಣಿವೆಯ ಆ ತುದಿ ಕಾಣಿಸಬೇಕು. ಕಾಣಿಸದಿದ್ರೆ ವಾಪಸ್."

"ಆಗಲಿ" ಎಂದಳು ಅಮ್ಮ.

ವಿಮಾನದ ಸುತ್ತ ಬಂದು ಅವಳು ಒಂದೊಂದನ್ನೇ ಮುಟ್ಟಿ ನೋಡಿದಳು. ಎಣ್ಣೆ ನೋಡಿದಳು. ರೆಕ್ಕೆಯ ಕೆಳಗಿನಿಂದ ಇಂಧನವನ್ನು ಗಾಜಿನ ಲೋಟಕ್ಕೆ ಬಿಟ್ಟು, ನೀರು ಸೇರಿದೆಯೇ ಎಂದು ಬೆಳಕಿಗೆ ಹಿಡಿದಳು. ಅದನ್ನು ಮತ್ತೊಮ್ಮೆ ಮಾಡಿದಳು. ಎಲ್ಲ ಸರಿಯಿತ್ತು. ಸರಿಯಿಲ್ಲದ್ದೇನಾದರೂ ಸಿಗಲಿ, ತಪ್ಪು ಅದರ ಮೇಲೆ ಹಾಕಿ ಕೈತೊಳೆದುಕೊಳ್ಳೋಣ ಎಂದು ಅವಳಿಗೇ ಆಸೆಯಾಗಿತ್ತೇನೋ. ಹಾಳಾದ ವಿಮಾನ ಅವತ್ತೇ ಇಷ್ಟು ಚೆನ್ನಾಗಿರಬೇಕೆ!

ಮೇಲೇರಿದಾಗ ಮೊದಮೊದಲು ಎಲ್ಲ ಸುಗಮವಾಗಿತ್ತು. ಕೆಳಗೆ ಹೊಲ, ರಸ್ತೆ, ನೀರಿನ ಟ್ಯಾಂಕು. ಕಣಿವೆಯೊಳಗೆ ನುಗ್ಗಿದ ಮೇಲೆ ಮೋಡ ಚಾವಣಿಯಂತೆ ತಲೆಯ ಮೇಲೆ ಬಂತು. ಅವಳು ಸ್ವಲ್ಪ ಕೆಳಗಿಳಿದಳು. ಮೋಡವೂ ಕೆಳಗಿಳಿಯಿತು. ಇನ್ನೂ ಸ್ವಲ್ಪ ಇಳಿದಳು. ಪೈನ್ ಮರಗಳ ತುದಿ ಒಂದೊಂದಾಗಿ ಲೆಕ್ಕಕ್ಕೆ ಸಿಗುವಷ್ಟು ಹತ್ತಿರವಾಯಿತು. ಅಮ್ಮ ಹೆಡ್‌ಫೋನು ಹಾಕಿಕೊಂಡು, ಚೀಲವನ್ನು ಎದೆಗವಚಿಕೊಂಡು ಮುಂದೆಯೇ ನೋಡುತ್ತಿದ್ದಳು.

ಎಡಗಡೆ ಬಿಳಿ ಗಣಿ ಕಾಣಿಸಿತು. ಕಣಿವೆಯ ಆ ತುದಿ ಕಾಣಿಸಲಿಲ್ಲ. ಅಲ್ಲಿ ಇದ್ದದ್ದು ಬರೀ ಬೂದು ಬಣ್ಣ.

ಈಗ ತಿರುಗಬೇಕಿತ್ತು. ಅವಳ ಕೈ ತಿರುಗಿಸಲಿಲ್ಲ. ಇದೊಂದು ತೆಳು ಪರದೆ ಇರಬಹುದು ಎಂದಿತು ಮನಸ್ಸು. ಆಚೆ ಅಣ್ಣ ನೋಡಿದ್ದಾನಲ್ಲ, ಒಂದು ಚೂರು ಮೋಡ ಇಲ್ಲವಂತೆ. ಇದನ್ನೊಂದು ದಾಟಿದರೆ ಬಿಸಿಲು, ಆಸ್ಪತ್ರೆ, ಅಣ್ಣನ ಮುಖ. ನೆಲದ ಮೇಲೆ ತಾನೇ ಬಾಯಿಬಿಟ್ಟು ಹೇಳಿದ ಮಾತು ಯಾರೋ ಬೇರೆಯವರು ಹೇಳಿದ್ದೆಂಬಂತೆ ಎಲ್ಲೋ ಹಿಂದೆ ಉಳಿಯಿತು.

"ಗಣಿ ಬಂತು ಕಣೇ" ಎಂದಳು ಅಮ್ಮ.

"ನೋಡ್ದೆ ಅಮ್ಮ. ಆಚೆ ಕಡೆ ತಿಳಿಯಾಗಿದೆಯಂತಲ್ಲ. ಒಂದು ನಿಮಿಷ."

ಹೆಡ್‌ಫೋನಿನಲ್ಲಿ ಅಮ್ಮನ ಉಸಿರು ಕೇಳಿಸಿತು. ಆಮೇಲೆ ಮಾತು.

"ಅವನ ಕಿಟಕಿಯಿಂದ ಆಕಾಶ ಕಾಣಲ್ಲ ಮಗಳೇ. ಎದುರಿಗೆ ಗೋಡೆ ಇದೆ. ಪಕ್ಕದ ಕಟ್ಟಡದ ಗೋಡೆ. ನಾನು ಅಲ್ಲೇ ಕೂತಿದ್ದವಳು, ನನಗೆ ಗೊತ್ತಿಲ್ವಾ? ತಿರುಗಿಸು."

ಸಿಟ್ಟು ಮಾಡಿಕೊಳ್ಳಲೂ ಪುರುಸೊತ್ತಿರಲಿಲ್ಲ. ಅವಳು ಬಲಬದಿಯ ಬೆಟ್ಟಕ್ಕೆ ಆದಷ್ಟು ಒತ್ತಿಕೊಂಡು ಎಡಕ್ಕೆ ವಾಲಿಸಿದಳು. ರೆಕ್ಕೆ ನೆಲದತ್ತ ಬಾಗಿತು. ಮೋಡದ ಒಂದು ತುಣುಕು ಬಂದು ಗಾಜಿಗೆ ಅಡರಿಕೊಂಡಿತು. ಬೆಟ್ಟವೂ ಇಲ್ಲ, ಗಣಿಯೂ ಇಲ್ಲ, ಎಲ್ಲ ಬೆಳ್ಳಗೆ. ಹೊರಗೆ ನೋಡುವುದನ್ನು ಬಿಟ್ಟು ಮುಂದಿದ್ದ ಮೀಟರುಗಳ ಮುಳ್ಳುಗಳ ಮೇಲೆ ಕಣ್ಣು ನೆಟ್ಟು, ತಿರುವನ್ನು ಹಾಗೇ ಹಿಡಿದಳು. ಆಮೇಲೆ ಗಣಿಯ ಬಿಳಿ ಕಲ್ಲು ಮತ್ತೆ ಕಾಣಿಸಿತು, ಈ ಸಲ ಕಿಟಕಿಯ ಪಕ್ಕದಲ್ಲೇ, ಅದರ ಮೇಲೆ ಬಿದ್ದಿದ್ದ ತುಕ್ಕು ಹಿಡಿದ ಲಾರಿಯೊಂದರ ಸಮೇತ.

ಕ್ಲಬ್ಬಿನ ಮೈದಾನಕ್ಕೆ ವಾಪಸಾಗಿ ಇಳಿದರು. ಎಂಜಿನ್ ನಿಲ್ಲಿಸಿದ ಮೇಲೆ ಅವಳಿಗೆ ಅಳು ಬಂತು, ಅದರ ಹಿಂದೆಯೇ ಸಿಟ್ಟು.

"ಗೊತ್ತಿದ್ದೂ ಹೇಗಮ್ಮ ಸುಮ್ನೆ ಕೂತೆ?"

"ಅವನನ್ನ ನೋಡಬೇಕಿತ್ತು ಕಣೇ" ಎಂದಳು ಅಮ್ಮ. "ಬೇರೇನೂ ತಲೆಗೇ ಬರಲಿಲ್ಲ. ಗಣಿ ಬಂದಾಗ ನಿನ್ನ ಮುಖ ನೋಡ್ದೆ. ನೀನೂ ನನ್ನ ಮಗಳೇ ಅಲ್ವಾ ಅನ್ನಿಸ್ತು. ಅಷ್ಟು ಹೊತ್ತು ಬೇಕಾಯ್ತು ನೋಡು ನನಗೆ."

ಅವಳು ಅಮ್ಮನ ಸೊಂಟದ ಪಟ್ಟಿ ಬಿಚ್ಚಲು ಕೈ ಚಾಚಿದಳು. ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಅಣ್ಣ.

"ಎಲ್ಲಿದೀರಾ? ಇನ್ನೇನು ಒಳಗೆ ಕರ್ಕೊಂಡು ಹೋಗ್ತಾರಂತೆ."

ಅಮ್ಮ ಫೋನು ಕಿತ್ತುಕೊಂಡಳು. "ಮೋಡ ಕಣೋ, ಬರೋಕಾಗ್ಲಿಲ್ಲ. ಈಗ ಕಾರಲ್ಲಿ ಹೊರಡ್ತೀವಿ. ನೀನು ಕಣ್ಣು ಬಿಡೋವಾಗ ಪಕ್ಕದಲ್ಲಿ ಇರ್ತೀವಿ."

"ನಾನು ಸುಳ್ಳು ಹೇಳ್ಬಿಟ್ಟೆ ಅಮ್ಮ. ಪುಟ್ಟಿಗೆ ಏನಾದ್ರೂ ಆಗಿದ್ರೆ... ನೀವು ಬರಲ್ಲ ಅಂತೀರೇನೋ ಅಂತ ಭಯ ಆಯ್ತು."

"ಗೊತ್ತು ಬಿಡು."

"ಈಗಲೂ ಭಯ ಆಗ್ತಿದೆ. ಏನೂ ಆಗಲ್ಲ ಅಲ್ವಾ ಅಮ್ಮ?"

ಅಮ್ಮ ವಿಮಾನದ ಗಾಜಿನಾಚೆ ನೋಡಿದಳು. ಬೆಟ್ಟದ ಸಾಲು ಈಗ ಪೂರ್ತಿ ಮುಚ್ಚಿಹೋಗಿತ್ತು.

"ಏನೂ ಆಗಲ್ಲ ಕಂದ" ಎಂದಳು, ಒಂದಿಷ್ಟೂ ತಡವರಿಸದೆ. "ಎಲ್ಲಾ ತಿಳಿಯಾಗಿದೆ. ಧೈರ್ಯವಾಗಿ ಹೋಗಿ ಬಾ."

ಕೇಳುತ್ತ ಕುಳಿತ ಮಗಳು ಈ ಸಲ ಯಾವ ಕಿಟಕಿಯಿಂದ ನೋಡಿ ಹೇಳಿದೆ ಎಂದು ಅಮ್ಮನನ್ನು ಕೇಳಲಿಲ್ಲ. ಕಾರಿನ ಬೀಗದ ಕೈಗಾಗಿ ಜೇಬು ತಡಕತೊಡಗಿದಳು.